ಬೆರಳಿಗೆ ಸಿಗುವ ಬಣ್ಣ: ಕಣ್ಣು ಕಾಣದವರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನನ್ನ ತಮ್ಮ ಹುಟ್ಟಿನಿಂದಲೇ ಕಣ್ಣು ಕಾಣದವ. ಅವನ ಜೊತೆ ಬೆಳೆಯುತ್ತಾ ಕಲಿತದ್ದನ್ನು ಕೇಳಲು ಮಂಜೇಶ್ವರ, ಮುಳ್ಳೇರಿಯ, ಗಡಿಯಾಚೆಯ ವಿಟ್ಲ, ಪುತ್ತೂರಿನಿಂದಲೂ ಮನೆಯವರು ಫೋನ್ ಮಾಡುತ್ತಾರೆ. ಹೆಚ್ಚಿನವರು ಕೇಳುವ ಪ್ರಶ್ನೆಗಳು ಒಂದೇ ಬಗೆಯವು. ಅವನ್ನೂ ನನಗೆ ಗೊತ್ತಿರುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಟೀಚರ್, ಕಣ್ಣೇ ಕಾಣದವರಿಗೆ ಬಣ್ಣ ಯಾಕೆ?

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಅಜ್ಜ, ಅಜ್ಜಿಯಂದಿರು. ಮಗುವಿನ ಮನಸ್ಸು ನೋಯದಿರಲಿ ಎಂಬ ಪ್ರೀತಿಯಿಂದಲೇ ಕೇಳುತ್ತಾರೆ.

ತಮ್ಮನಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಒಂದು ಸಾವಿನ ಮನೆಗೆ ಹೋಗಿ ಬಂದ. ಅವನು ಹಾಕಿಕೊಂಡಿದ್ದದ್ದು ಢಾಳಾದ ಕೆಂಪು ಅಂಗಿ. ಅಲ್ಲಿ ಯಾರೂ ಏನೂ ಹೇಳಲಿಲ್ಲ. ಮರುದಿನ ಯಾರೋ ಮಾತಿನ ನಡುವೆ ಹೇಳಿದಾಗಲಷ್ಟೇ ಅವನಿಗೆ ತಿಳಿದದ್ದು. ಅವತ್ತಿನಿಂದ ಹೊರಗೆ ಹೊರಡುವಾಗಲೆಲ್ಲ ಬಾಗಿಲಲ್ಲಿ ನಿಂತು "ಅಕ್ಕ, ಇದು ಯಾವ ಬಣ್ಣ?" ಎಂದು ಕೇಳತೊಡಗಿದ. ಬೆಳೆದ ಹುಡುಗ, ದಿನಾ ಬೆಳಗ್ಗೆ ತನ್ನ ಅಂಗಿಯ ವಿಷಯವನ್ನೇ ಇನ್ನೊಬ್ಬರಲ್ಲಿ ಕೇಳಬೇಕು. ನಾನು ಮನೆಯಲ್ಲಿ ಇಲ್ಲದ ದಿನ ಹೊರಡುವುದನ್ನೇ ಮುಂದೂಡುತ್ತಿದ್ದ.

ಬಣ್ಣ ಎಂದರೆ ಚಂದ ಮಾತ್ರ ಅಲ್ಲ. ಅದು ಊರಿನ ಎಲ್ಲರ ಕೈಯಲ್ಲಿ ಇರುವ ಮಾಹಿತಿ. ಮಾಗಿದ್ದು ಯಾವುದು, ಮದುವೆಗೆ ಯಾವುದು, ನೂರರ ನೋಟು ಯಾವುದು, ಯಾವ ಮಾತ್ರೆ ಬೆಳಗ್ಗಿನದು ಎಂಬುದನ್ನೆಲ್ಲ ಕಣ್ಣಿದ್ದವರು ಬಣ್ಣದಿಂದಲೇ ತಿಳಿಯುತ್ತಾರೆ. ಕಾಣದವರಿಗೂ ಆ ಮಾಹಿತಿ ಬೇಕು, ಅದೂ ಯಾರನ್ನೂ ಕೇಳದೆ ಸಿಗಬೇಕು. ಮುಂದೆ ಹೇಳುವ ಒಂದೊಂದು ಉಪಾಯವನ್ನೂ ನಾನು ಅಳೆಯುವುದು ಇದರಿಂದಲೇ: ಇದನ್ನು ಬಳಸಿದ ಮೇಲೆ ಅವನು ಕೇಳಬೇಕಾದದ್ದು ಕಡಿಮೆಯಾಯಿತೇ?

ಅಭ್ಯಾಸ ಮಾಡಿದರೆ ಬೆರಳಿಗೇ ಬಣ್ಣ ಗೊತ್ತಾಗುತ್ತದಂತೆ, ಹೌದೇ?

ಇಲ್ಲ. ಬಣ್ಣವೆಂದರೆ ವಸ್ತುವಿನ ಮೇಲೆ ಬಿದ್ದು ಹಿಂದಿರುಗುವ ಬೆಳಕು. ಅದರಲ್ಲಿ ಕೆಂಪು ಯಾವುದು, ನೀಲಿ ಯಾವುದು ಎಂದು ಬೇರ್ಪಡಿಸುವ ಕೋಶಗಳು ಕಣ್ಣಿನ ಅಕ್ಷಿಪಟಲದಲ್ಲಿ ಇವೆ, ಬೆರಳ ತುದಿಯಲ್ಲಿ ಇಲ್ಲ. ನಮ್ಮ ಗುಡ್ಡೆಯ ಗೇರುಹಣ್ಣನ್ನೇ ನೋಡಿ. ಒಂದು ಮರದ್ದು ಕೆಂಪು, ಪಕ್ಕದ ಮರದ್ದು ಹಳದಿ. ಎರಡನ್ನೂ ಎಷ್ಟು ಸವರಿದರೂ ಬಣ್ಣದ ಸುಳಿವು ಸಿಗುವುದಿಲ್ಲ.

ಬಿಸಿಲಲ್ಲಿ ಒಣಹಾಕಿದ ಕಪ್ಪು ಬಟ್ಟೆ ಬಿಳಿ ಬಟ್ಟೆಗಿಂತ ಬಿಸಿಯಾಗುವುದು ನಿಜ. ಕಪ್ಪು ಬಣ್ಣ ಬೆಳಕನ್ನು ಹೀರುತ್ತದೆ, ಬಿಳಿ ತಿರುಗಿಸಿ ಕಳಿಸುತ್ತದೆ. ನನ್ನ ತಮ್ಮನೇ ಅಂಗಳದಲ್ಲಿ ಇದನ್ನು ಹಲವು ಬಾರಿ ಮಾಡಿ ನೋಡಿದ್ದಾನೆ. ಆದರೆ ಅದರಿಂದ ತಿಳಿಯುವುದು ಗಾಢವೋ ತಿಳಿಯೋ ಎಂಬುದಷ್ಟೇ. ಕಡುಹಸಿರೋ ಕಡುನೀಲಿಯೋ ಎಂದು ಬಿಸಿ ಹೇಳುವುದಿಲ್ಲ.

ಕಣ್ಣು ಕಟ್ಟಿ ಬಣ್ಣ ಹೇಳಿಸುವ ಕ್ಲಾಸಿಗೆ ಮಗುವನ್ನು ಸೇರಿಸಬಹುದೇ?

ದಯವಿಟ್ಟು ಸೇರಿಸಬೇಡಿ. "ಮಿಡ್‌ಬ್ರೈನ್ ಆಕ್ಟಿವೇಶನ್" ಎಂಬ ಹೆಸರಿನಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿದ ಮಕ್ಕಳು ಮುಟ್ಟಿ, ಮೂಸಿ ಬಣ್ಣ ಹೇಳುತ್ತಾರೆಂದು ತೋರಿಸುವ ತರಗತಿಗಳು ನಮ್ಮ ಕರಾವಳಿಗೂ ಬಂದಿದ್ದವು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ಬಣ್ಣ ಬಯಲು ಮಾಡಲು ಊರೂರು ಸುತ್ತಿದ್ದಾರೆ. ಪಟ್ಟಿಯ ಕೆಳಗೆ, ಮೂಗಿನ ಪಕ್ಕದ ಸಂದಿಯಲ್ಲಿ ಕಾಣುತ್ತದೆ, ಗುಟ್ಟು ಅಷ್ಟೇ. 1960ರ ದಶಕದಲ್ಲಿ ಸೋವಿಯತ್ ರಷ್ಯಾದ ರೋಸಾ ಕುಲೆಶೋವಾ ಬೆರಳಿನಿಂದ ಬಣ್ಣ ಓದುತ್ತಾಳೆಂದು ದೊಡ್ಡ ಸುದ್ದಿಯಾಗಿತ್ತು. 1966ರಲ್ಲಿ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ 'ಸೈನ್ಸ್' ಪತ್ರಿಕೆಯಲ್ಲಿ ಇದೇ ಮೂಗಿನ ಸಂದಿಯ ಕಡೆ ಬೊಟ್ಟು ಮಾಡಿದರು.

ಕಾಣುವ ಮಗುವಿಗೆ ಸುಳ್ಳು ಕಲಿಸಿದಂತೆ ಆಗುವುದು ಒಂದು ಹಾನಿ. ನಿಜವಾಗಿ ಕಾಣದ ಮಗುವಿಗೆ "ನೀನು ಸಾಕಷ್ಟು ಪ್ರಯತ್ನ ಮಾಡಲಿಲ್ಲ" ಎಂಬ ಭಾವನೆ ಹೊರಿಸಿ ಕಳಿಸುತ್ತಾರಲ್ಲ, ಅದು ಕ್ರೌರ್ಯ.

ಹಾಗಾದರೆ "ಮುಟ್ಟಿ ಬಣ್ಣ ತಿಳಿಯುವುದು" ಎಂದರೆ ಏನು?

ಬಣ್ಣಕ್ಕೆ ಬದಲಾಗಿ ಬೆರಳಿಗೆ ಸಿಗುವ ಒಂದು ಗುರುತನ್ನು ಇಡುವುದು. ಗುರುತನ್ನು ನಾವೇ ಹೊಲಿಯಬಹುದು, ಅಚ್ಚು ಹಾಕಿಸಬಹುದು. ಯಂತ್ರ ಬಣ್ಣವನ್ನು ಅಳೆದು ಹೆಸರು ಹೇಳಬಹುದು, ಕಂಪಿಸಿ ತಿಳಿಸಬಹುದು. ನಮ್ಮ ಮನೆಯ ಅನುಭವದಲ್ಲಿ ಇವೆರಡೂ ಜೊತೆಯಾಗಿ ನಡೆದಾಗ ಮಾತ್ರ ಉಪಯೋಗ. ಹೊಸ ಅಂಗಿ ಬಂದಾಗ ಒಮ್ಮೆ ಯಂತ್ರವನ್ನು ಕೇಳಿ, ಗುರುತು ಹೊಲಿದುಬಿಟ್ಟರೆ ಮತ್ತೆ ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ, ಅಕ್ಕನೂ ಬೇಡ.

ಬಟ್ಟೆಗೆ ಗುರುತು ಇಡುವುದು ಹೇಗೆ? ಬ್ರೈಲ್‌ನಲ್ಲಿ ಮೊದಲ ಅಕ್ಷರ ಬರೆದರೆ ಸಾಕಲ್ಲವೇ?

ನಾವೂ ಹಾಗೇ ಶುರು ಮಾಡಿ ಎಡವಿದೆವು. ಕನ್ನಡದಲ್ಲಿ ಮೊದಲ ಅಕ್ಷರ ಸಾಲದು. ಕೆಂಪು, ಕಪ್ಪು, ಕಂದು, ಕಿತ್ತಳೆ ಎಲ್ಲವೂ ಕಕಾರದಿಂದಲೇ ಶುರು. ಹಸಿರು, ಹಳದಿ ಎರಡೂ ಹಕಾರ. ಬ್ರೈಲ್‌ನಲ್ಲಿ ಆರು ಚುಕ್ಕಿಗಳ ಜಾಗಕ್ಕೆ ಒಂದು ಮನೆ ಎನ್ನುತ್ತೇವೆ, ಎಡಗಡೆ ಮೇಲಿನಿಂದ ಕೆಳಗೆ 1, 2, 3ನೇ ಚುಕ್ಕಿ, ಬಲಗಡೆ 4, 5, 6. ಭಾರತದ ಭಾಷೆಗಳಿಗೆಂದು ಮಾಡಿದ ಭಾರತಿ ಬ್ರೈಲ್‌ನಲ್ಲಿ ಮೊದಲು ವ್ಯಂಜನದ ಮನೆ ಬರುತ್ತದೆ, ಸ್ವರದ್ದು ಅದರ ನಂತರದ ಮನೆ. ಹಾಗಾಗಿ ಮೊದಲ ಮನೆಯಲ್ಲಿ 1, 3ನೇ ಚುಕ್ಕಿ ಸಿಕ್ಕಿತೆಂದರೆ ಅದು ಈ ನಾಲ್ಕರಲ್ಲಿ ಯಾವುದೂ ಆಗಬಹುದು. ಸಾವಿನ ಮನೆಗೆ ಮತ್ತೆ ಕೆಂಪಂಗಿಯೇ!

ಎರಡು ಮನೆ ಬರೆಯಿರಿ. ಕೆಂಪಿಗೆ ಕ ಮತ್ತು ಎ, ಅಂದರೆ 1-3 ಆದ ಮೇಲೆ 2-6. ಕಪ್ಪಿಗೆ ಕ ಮತ್ತು ಪ, 1-3 ಆದ ಮೇಲೆ 1-2-3-4. ಹಸಿರಿಗೆ ಹ, ಸ. ಹಳದಿಗೆ ಹ, ಳ. ನೀಲಿಗೂ ಬಿಳಿಗೂ ಒಂದೊಂದೇ ಮನೆ ಸಾಕು. ಮಲಯಾಳದವರಿಗೆ ಈ ತಾಪತ್ರಯ ಇಲ್ಲ. ಚುವಪ್ಪ್, ಪಚ್ಚ, ಮಞ್ಞ, ನೀಲ, ಕರುಪ್ಪ್, ವೆಳುಪ್ಪ್ ಎಂದು ಅವರಲ್ಲಿ ಒಂದೊಂದು ಬಣ್ಣವೂ ಒಂದೊಂದು ಅಕ್ಷರದಿಂದ ಶುರುವಾಗುತ್ತದೆ.

ಹಳೆಯ ಎಕ್ಸ್‌ರೇ ಫಿಲ್ಮಿನ ಮೇಲೆ ಬ್ರೈಲ್ ಬರೆಯುವ ಸ್ಲೇಟು, ಸ್ಟೈಲಸ್ (ಮೊನೆಯ ಕಡ್ಡಿ) ಇಟ್ಟು ಒತ್ತಿದರೆ ಚುಕ್ಕಿ ಚೆನ್ನಾಗಿ ಏಳುತ್ತದೆ, ನೀರಿಗೆ ಹಾಳಾಗುವುದಿಲ್ಲ. ಉಗುರಗಲ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಅಂಗಿಯ ಕೆಳ ಅಂಚಿನ ಒಳಬದಿಗೆ ಹೊಲಿಯಿರಿ. ಕುತ್ತಿಗೆಯ ಹತ್ತಿರ ಬೇಡ, ಚುಚ್ಚುತ್ತದೆ.

ಬ್ರೈಲ್ ಕಲಿಯದವರಿಗೆ, ಮುಖ್ಯವಾಗಿ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಯಿಂದಲೋ ಗ್ಲೊಕೋಮಾದಿಂದಲೋ ದೃಷ್ಟಿ ಕಳಕೊಂಡವರಿಗೆ, ದಾರದ ಗಂಟು ಒಳ್ಳೆಯದು. ಒಂದು ಗಂಟು ಬಿಳಿ, ಎರಡು ಗಂಟು ಕಪ್ಪು, ಅಡ್ಡ ಹೊಲಿಗೆ ನೀಲಿ, ಸಣ್ಣ ಗುಬ್ಬಿ ಕೆಂಪು. ಗುಬ್ಬಿ ಎಂದರೆ ನಮ್ಮ ಕಡೆ ಅಂಗಿಯ ಗುಂಡಿ. ಬಟ್ಟೆಗೆ ಹಚ್ಚುವ ಉಬ್ಬು ಬಣ್ಣದ ಟ್ಯೂಬುಗಳೂ ಕರಕುಶಲ ವಸ್ತುಗಳ ಅಂಗಡಿಯಲ್ಲಿ ಸಿಗುತ್ತವೆ, ಒಣಗಿದ ಮೇಲೆ ಗೆರೆ ಎದ್ದು ನಿಲ್ಲುತ್ತದೆ. ಯಾವ ಗುರುತು ಯಾವ ಬಣ್ಣ ಎಂಬುದನ್ನು ಮನೆಯವರು ನಿರ್ಧರಿಸಬೇಡಿ, ಬಳಸುವವರೇ ಹೇಳಲಿ. ನಮ್ಮಮ್ಮ ತನಗೆ ತೋಚಿದ ಗುರುತುಗಳನ್ನು ಪ್ರೀತಿಯಿಂದ ಹೊಲಿದು ಕೊಟ್ಟಿದ್ದರು. ತಮ್ಮನಿಗೆ ಅವು ಒಂದೂ ನೆನಪು ನಿಲ್ಲಲಿಲ್ಲ.

ಕಾಸರಗೋಡು ಸೀರೆಯಂಥ ಚೌಕುಳಿ, ಪಟ್ಟೆಯ ಕೈಮಗ್ಗದ ಬಟ್ಟೆಗೆ ಒಡಲಿನ ಬಣ್ಣ ಒಂದು ಮೂಲೆಯಲ್ಲಿ, ಅಂಚಿನ ಬಣ್ಣ ಇನ್ನೊಂದು ಮೂಲೆಯಲ್ಲಿ ಗುರುತಿಸಿ. ಕಣ್ಣು ಕಳಕೊಂಡ ನಮ್ಮ ದೊಡ್ಡಮ್ಮ ಸೀರೆಯ ಸೆರಗಿನ ಕೊನೆಯಲ್ಲಿ ಈ ಗಂಟುಗಳನ್ನು ಮುಟ್ಟಿ, ರವಕೆ ಹೊಂದಿಸಿಕೊಳ್ಳುತ್ತಾರೆ. ಸೊಸೆಯನ್ನು ಕರೆಯುವುದಿಲ್ಲ.

ಇದಕ್ಕೆ ಎಲ್ಲರೂ ಒಪ್ಪಿದ ಒಂದು ಲಿಪಿ ಇಲ್ಲವೇ?

ಬ್ರೈಲ್ ಲಿಪಿಗೆ ಇರುವಂಥ ಒಪ್ಪಿಗೆ ಬಣ್ಣದ ಗುರುತುಗಳಿಗೆ ಇನ್ನೂ ಬಂದಿಲ್ಲ. ಪೋರ್ಚುಗಲ್‌ನ ವಿನ್ಯಾಸಕಿ ಫಿಲಿಪಾ ನೊಗೇರಾ ಪಿರೆಸ್ ಮಾಡಿದ 'ಫೀಲಿಪಾ' ಎಂಬ ಪದ್ಧತಿಯಲ್ಲಿ ಮೂಲ ಬಣ್ಣಗಳಿಗೆ ಸರಳ ಜ್ಯಾಮಿತಿಯ ಆಕೃತಿಗಳಿವೆ, ಬೆರಕೆ ಬಣ್ಣಕ್ಕೆ ಆ ಆಕೃತಿಗಳನ್ನೇ ಬೆರೆಸುತ್ತಾರೆ. ರೊಮೇನಿಯಾದ ಕಲಾವಿದ ಟುಡೋರ್ ಸ್ಕ್ರಿಪೋರ್ ಚುಕ್ಕಿಗಳ ಒಂದು ಬಣ್ಣದ ಲಿಪಿ ಮಾಡಿದ್ದಾರೆ. ದಕ್ಷಿಣ ಕೊರಿಯಾದಲ್ಲೂ ಇಂಥ ಉಬ್ಬು ಚಿತ್ರಲಿಪಿಯ ಕೆಲಸ ನಡೆದಿದೆ.

ಇವುಗಳಿಂದ ನಾನು ತೆಗೆದುಕೊಂಡದ್ದು ಒಂದೇ ಒಂದು ಸಂಗತಿ, ಅದೇ ಬಹಳ ಉಪಕಾರವಾಯಿತು. ಬೆರಕೆ ಬಣ್ಣದ ಗುರುತು ಬೆರಕೆಯದ್ದೇ ಆಗಿರಬೇಕು. ಕೆಂಪಿನ ಗುರುತಿನ ಪಕ್ಕ ಹಳದಿಯ ಗುರುತು ಸಿಕ್ಕಿದರೆ ಅದು ಕಿತ್ತಳೆ. ನೀಲಿಯ ಪಕ್ಕ ಹಳದಿ ಸಿಕ್ಕಿದರೆ ಹಸಿರು. ಹೀಗೆ ಮಾಡಿದಾಗ ಗುರುತು ಹೆಸರನ್ನು ಮಾತ್ರ ಹೇಳುವುದಿಲ್ಲ, ಬಣ್ಣಗಳ ನೆಂಟಸ್ತನವನ್ನೂ ಹೇಳುತ್ತದೆ. ಕಿತ್ತಳೆ ಕೆಂಪಿಗೆ ಹತ್ತಿರ, ನೀಲಿಗೆ ದೂರ ಎಂಬುದು ತಮ್ಮನಿಗೆ ಬೆರಳಿನಲ್ಲೇ ಅರ್ಥವಾದದ್ದು ಹೀಗೆ.

ಗುರುತುಗಳ ನಡುವೆ ಜಾಗ ಬಿಡಿ. ಬೆರಳ ತುದಿ ಎರಡು ಬಿಂದುಗಳನ್ನು ಬೇರೆ ಬೇರೆ ಎಂದು ಗ್ರಹಿಸಲು ಅವುಗಳ ನಡುವೆ ಸುಮಾರು 2 ಮಿಲಿಮೀಟರ್ ಬೇಕು. ಬ್ರೈಲ್ ಚುಕ್ಕಿಗಳ ನಡುವಿನ ದೂರ ಸುಮಾರು 2.5 ಮಿಲಿಮೀಟರ್ ಇರುವುದು ಸುಮ್ಮನೆ ಅಲ್ಲ.

ನೋಟಿನ ಬಣ್ಣ?

ಈಗಿನ 100ರ ನೋಟು ಲ್ಯಾವೆಂಡರ್, 200 ಢಾಳು ಹಳದಿ, 500 ಕಲ್ಲಿನ ಬೂದು. ಕಣ್ಣಿದ್ದವರು ಬಣ್ಣ ನೋಡಿ ಎಣಿಸುತ್ತಾರೆ. ಬೆರಳಿಗೆಂದು 100ರಲ್ಲಿ ಉಬ್ಬಿದ ತ್ರಿಕೋನ, ಅಂಚಿನಲ್ಲಿ ನಾಲ್ಕು ಓರೆ ಗೆರೆ ಇವೆ. 500ರಲ್ಲಿ ವೃತ್ತ, ಐದು ಗೆರೆ. 200ರಲ್ಲಿ ಇಂಗ್ಲಿಷಿನ ಎಚ್ ಅಕ್ಷರದ ಆಕಾರ, ನಾಲ್ಕು ಗೆರೆಗಳ ನಡುವೆ ಎರಡು ಸೊನ್ನೆ. ಹೊಸ ನೋಟಿನಲ್ಲಿ ಇವು ಸಿಗುತ್ತವೆ. ಮೀನು ಮಾರ್ಕೆಟಿನಲ್ಲಿ ಹತ್ತು ಕೈ ದಾಟಿದ ನೋಟಿನಲ್ಲಿ ಸವೆದುಹೋಗಿರುತ್ತವೆ. ಉದ್ದದಲ್ಲಿ 200ಕ್ಕೂ 500ಕ್ಕೂ 4 ಮಿಲಿಮೀಟರ್ ಮಾತ್ರ ವ್ಯತ್ಯಾಸ, 146 ಮತ್ತು 150. ಅವಸರದಲ್ಲಿ ಅದನ್ನು ಅಳೆಯುವುದು ಕಷ್ಟ. ಇದು ಇನ್ನೂ ಚೆನ್ನಾಗಿ ಆಗಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬಿಟ್ಟ 'ಮಣಿ' ಆ್ಯಪ್ ಇಂಟರ್ನೆಟ್ ಇಲ್ಲದೆಯೂ ನೋಟು ಗುರುತಿಸುತ್ತದೆ. ಮನೆಯಲ್ಲಿ ಮೊದಲೇ ಆ್ಯಪ್‌ನಿಂದ ನೋಡಿ, 500ನ್ನು ಅಡ್ಡ ಮಡಚಿ, 200ನ್ನು ಉದ್ದ ಮಡಚಿ, 100ನ್ನು ಮಡಚದೆ ಇಟ್ಟುಕೊಂಡರೆ ಅಂಗಡಿಯಲ್ಲಿ ಫೋನ್ ತೆಗೆಯಬೇಕಾಗಿಲ್ಲ.

ಬಣ್ಣ ಹೇಳುವ ಯಂತ್ರ ಹೇಗೆ ಕೆಲಸ ಮಾಡುತ್ತದೆ? ಫೋನ್ ಸಾಕೇ?

ಬಣ್ಣ ಹೇಳಲೆಂದೇ ಮಾಡಿದ ಸಣ್ಣ ಉಪಕರಣಗಳಿವೆ, ಆಸ್ಟ್ರಿಯಾದ 'ಕಲರಿನೋ' ಹಳೆಯ ಹೆಸರು. ಅದರ ಮೂತಿಯನ್ನು ಬಟ್ಟೆಗೆ ಒತ್ತಿ ಗುಂಡಿ ಅದುಮಬೇಕು. ಒಳಗಿನ ದೀಪ ಬಟ್ಟೆಯ ಮೇಲೆ ಬಿಳಿ ಬೆಳಕು ಚೆಲ್ಲುತ್ತದೆ. ಹಿಂದಿರುಗಿದ ಬೆಳಕಿನಲ್ಲಿ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಸೆನ್ಸರ್ ಅಳೆದು, ಪಟ್ಟಿಯಲ್ಲಿ ಹತ್ತಿರದ ಹೆಸರನ್ನು ಹುಡುಕಿ ಹೇಳುತ್ತದೆ. ಹೊರಗಿನ ಬೆಳಕು ನುಸುಳದಂತೆ ಒತ್ತಿ ಹಿಡಿಯುವುದೇ ಇದರ ಶಕ್ತಿ.

ಫೋನಿನಲ್ಲಿ ಮೈಕ್ರೋಸಾಫ್ಟಿನ 'ಸೀಯಿಂಗ್ ಎಐ' ಆ್ಯಪ್‌ನಲ್ಲಿ ಬಣ್ಣಕ್ಕೆಂದೇ ಒಂದು ವಿಭಾಗ ಇದೆ. 2017ರಲ್ಲಿ ಐಫೋನಿಗೆ ಬಂದದ್ದು, 2023ರ ಕೊನೆಗೆ ಆಂಡ್ರಾಯ್ಡಿಗೂ ಬಂತು. ಫೋನ್ ಇರುವವರು ಅದರಿಂದಲೇ ಶುರು ಮಾಡಿ, ಹಣ ಉಳಿಯುತ್ತದೆ. ಆದರೆ ಕ್ಯಾಮೆರಾಕ್ಕೆ ಸುತ್ತಲಿನ ಬೆಳಕೇ ಗತಿ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಹಂಚಿನ ಮನೆಯ ಒಳಕೋಣೆಯಲ್ಲಿ ಹಿಡಿದರೆ ಕಡುನೀಲಿಯೂ ಕಪ್ಪು, ಕಂದೂ ಕಪ್ಪು. ಹಳದಿ ಬಲ್ಬಿನಡಿ ಬಿಳಿ ಮುಂಡು ಕೆನೆಬಣ್ಣವಾಗುತ್ತದೆ. ಹಗಲು ಹೊತ್ತು ಜಗಲಿಗೆ ತಂದು, ನೇರ ಬಿಸಿಲು ಬೀಳದ ಕಡೆ, ಬಟ್ಟೆಯನ್ನು ಚಾಚಿ ಹಿಡಿಯಿರಿ. ಮೂರು ಕಡೆ ನೋಡಿ, ಎರಡು ಸಲ ಬಂದ ಹೆಸರನ್ನು ನಂಬಿ.

ರೇಷ್ಮೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇದ್ದರೆ ಎರಡೂ ಬಗೆಯ ಯಂತ್ರ ತಬ್ಬಿಬ್ಬಾಗುತ್ತವೆ. ಆಗ ಮನುಷ್ಯರನ್ನೇ ಕೇಳಬೇಕು. 'ಬಿ ಮೈ ಐಸ್' ಆ್ಯಪ್‌ನಲ್ಲಿ ವಿಡಿಯೋ ಕರೆ ಮಾಡಿ ಸ್ವಯಂಸೇವಕರನ್ನು ಕೇಳಬಹುದು. ಚಿತ್ರವನ್ನು ವಿವರಿಸುವ ಎಐ ಸಹಾಯಕರು ಬಣ್ಣವನ್ನು ಧೈರ್ಯವಾಗಿ ತಪ್ಪು ಹೇಳುವುದುಂಟು. ಮಾತ್ರೆಯ ಬಣ್ಣಕ್ಕೆ ಅವನ್ನು ನೆಚ್ಚಬೇಡಿ, ಮಾತ್ರೆಯ ಪಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿಡಿ.

ನಮ್ಮ ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಗುರುತು ಯಾವ ಭಾಷೆಯಲ್ಲಿ ಇರಲಿ?

ಅಂಗಿಯ ಗುರುತು ಆಕೃತಿಯಲ್ಲಿರಲಿ, ಅದಕ್ಕೆ ಭಾಷೆಯ ಹಂಗಿಲ್ಲ. ಓದು, ಬರಹದ ವಿಷಯದಲ್ಲಿ ನಮ್ಮ ಗಡಿಯ ಮಕ್ಕಳಿಗೆ ಒಂದು ಭಾಗ್ಯ ಇದೆ. 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಕ, ಮಲಯಾಳದ ಕ ಎರಡಕ್ಕೂ ಒಂದೇ ಚುಕ್ಕಿ. ಕಣ್ಣಿನಿಂದ ಓದುವ ನನಗೆ ಕಾಸರಗೋಡಿನ ಬಸ್ಸಿನ ಮಲಯಾಳ ಬೋರ್ಡು ಓದಲು ಹೊಸ ಲಿಪಿಯನ್ನೇ ಕಲಿಯಬೇಕಾಯಿತು. ಕನ್ನಡ ಬ್ರೈಲ್ ಕಲಿತ ನನ್ನ ತಮ್ಮ ಮಲಯಾಳ ಬ್ರೈಲ್ ಪುಸ್ತಕವನ್ನು ಮೊದಲ ದಿನವೇ ತಡವರಿಸುತ್ತಾ ಗಟ್ಟಿಯಾಗಿ ಓದಿದ. ಅರ್ಥ ಆಮೇಲೆ ಬಂತು. ಫೋನಿನ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್‌ಗೆ ಗೂಗಲ್‌ನ ಕನ್ನಡ ದನಿಯೂ ಇದೆ, ಮಲಯಾಳದ್ದೂ ಇದೆ.

ಹುಟ್ಟಿನಿಂದ ಕಾಣದವರಿಗೆ "ಕೆಂಪು" ಎಂದರೆ ಏನು ಅರ್ಥವಾಗಬಹುದು?

ಮುನ್ನೂರು ವರ್ಷಗಳಿಗೂ ಹಳೆಯ ಪ್ರಶ್ನೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಒಬ್ಬ ಕುರುಡನ ಕಥೆ ಬರೆದಿದ್ದಾನೆ. ಕಡುಗೆಂಪು ಎಂದರೆ ಏನೆಂದು ನನಗೆ ಈಗ ತಿಳಿಯಿತು, ಅದು ಕಹಳೆಯ ಸದ್ದಿನಂತೆ ಎಂದು ಆ ಮನುಷ್ಯ ಹೇಳಿದನಂತೆ. ಲಾಕ್‌ಗೆ ಅದು ಅರ್ಥವಾಗದ್ದಕ್ಕೆ ಸಾಕ್ಷಿ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮೂರಿನವನಾಗಿದ್ದರೆ ಚೆಂಡೆಯ ಪೆಟ್ಟು ಎನ್ನುತ್ತಿದ್ದ, ಕಣ್ಣಿದ್ದವರೂ ಹೌದೆನ್ನುತ್ತಿದ್ದರು.

1985ರಲ್ಲಿ ಬಾರ್ಬರಾ ಲ್ಯಾಂಡೌ, ಲೀಲಾ ಗ್ಲೈಟ್‌ಮನ್ ಎಂಬ ಸಂಶೋಧಕಿಯರು ಕಾಣದ ಪುಟ್ಟ ಮಗುವೊಂದನ್ನು ಗಮನಿಸಿ ಬರೆದರು. "ನೋಡು" ಎಂದರೆ ಆ ಮಗು ಕೈಯಿಂದ ಸವರಿ ನೋಡುತ್ತಿತ್ತು. ಬಣ್ಣ ಮಾತ್ರ ಕೈಗೆ ಸಿಗುವಂಥದ್ದಲ್ಲ, ಕಣ್ಣಿರುವವರಿಗೆ ತಿಳಿಯುವಂಥದ್ದು ಎಂಬುದೂ ಅದಕ್ಕೆ ಗೊತ್ತಿತ್ತು. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮರೀನಾ ಬೆಡ್ನಿ ತಂಡ ಇನ್ನೂ ಮುಂದೆ ಹೋಯಿತು. ಒಂದೇ ಜಾತಿಯ ಎರಡು ಹಣ್ಣಿನ ಬಣ್ಣ ಸಾಮಾನ್ಯವಾಗಿ ಒಂದೇ ಇರುತ್ತದೆ, ಎರಡು ಕಾರುಗಳದ್ದು ಹಾಗಲ್ಲ ಎಂಬ ತಿಳಿವಳಿಕೆ, ಅದು ಯಾಕೆ ಎಂಬ ತರ್ಕ ಹುಟ್ಟುಕುರುಡರಿಗೂ ಕಣ್ಣಿದ್ದವರಿಗೂ ಒಂದೇ ಎಂದು ಅವರು ಕಂಡರು. ಹಿಂದೆಂದೂ ಕೇಳದ ಕಾಲ್ಪನಿಕ ವಸ್ತುಗಳ ಬಗ್ಗೆ ಕೇಳಿದಾಗಲೂ ಹಾಗೆಯೇ. ಬಣ್ಣದ ಅನುಭವ ಸಿಗದಿರಬಹುದು, ಬಣ್ಣದ ಜ್ಞಾನ ಮಾತಿನಿಂದಲೇ ತುಂಬ ಬರುತ್ತದೆ. ಹಾಗಾಗಿ ಮನೆಯಲ್ಲಿ ಬಣ್ಣದ ಮಾತು ನಿಲ್ಲಿಸಬೇಡಿ.

ಅದರಲ್ಲೂ ನಮ್ಮ ಮಾತಿನಲ್ಲಿ. ಹಸಿರು ಹುಟ್ಟಿದ್ದೇ ಹಸಿಯಿಂದ. ಹಸಿ ಎಲೆ, ಹಸಿ ಕಟ್ಟಿಗೆ, ಹಸಿ ಗೋಡೆ, ಎಲ್ಲವೂ ಕೈಗೆ ತಣ್ಣಗೆ, ತೇವವಾಗಿ ಸಿಗುತ್ತವೆ. ಮಲಯಾಳದಲ್ಲಿ ಪಚ್ಚ ಎಂದರೆ ಹಸಿರೂ ಹೌದು, ಹಸಿಯೂ ಹೌದು. ಕಾಯಿಸದ ನೀರು ಅವರಿಗೆ ಪಚ್ಚವೆಳ್ಳ. ತುಳುವಿನ ಪಚ್ಚೆ, ಪಜಿ ಎರಡೂ ಅದೇ ಬಳ್ಳಿಯವು. ಕರಿ ಎಂದರೆ ಬಣ್ಣ, ಪಾತ್ರೆಯ ತಳದಲ್ಲಿ ಬೆರಳಿಗೆ ಹತ್ತುವ ಮಸಿಯೂ ಕರಿಯೇ, ಮಲಯಾಳದಲ್ಲಿ ಇದ್ದಿಲೂ ಕರಿ. ಬಿಳಿಯ ಹತ್ತಿರವೇ ಬೆಳಕು, ಬೆಳ್ಳಿ, ಬೆಳಗು ಇವೆ. ಕೆಂಪು ಎನ್ನುವಾಗ ಕೆಂಡ ನೆನಪಾಗದೆ ಇರುತ್ತದೆಯೇ? ನಮ್ಮ ಹಿರಿಯರು ಬಣ್ಣಗಳಿಗೆ ಹೆಸರಿಟ್ಟದ್ದು ಕೈಗೆ, ಮೈಗೆ ಗೊತ್ತಿದ್ದ ವಸ್ತುಗಳ ಪಕ್ಕದಲ್ಲಿ ಕೂತು. ತಮ್ಮನಿಗೆ ಹಸಿರನ್ನು ನಾನು ಹೇಳಿಕೊಟ್ಟದ್ದು ಮಳೆ ನಿಂತ ಮೇಲೆ ತೋಟದಲ್ಲಿ, ಹಾವಸೆ ಹಿಡಿದ ಪಾಗಾರದ ಗೋಡೆಯ ಮೇಲೆ ಅವನ ಅಂಗೈ ಇಡಿಸಿ. "ಇದು ಹಸಿ, ಇದರ ಬಣ್ಣ ಹಸಿರು" ಎಂದೆ. "ಹಾಗಾದರೆ ಹಸಿರು ತಂಪು" ಎಂದ. ಅಷ್ಟು ಸಾಕಾಗಿತ್ತು ಆ ದಿನಕ್ಕೆ.

ಯಕ್ಷಗಾನದ ವೇಷ ತೋರಿಸುವುದು ಹೇಗೆ?

ಆಟದ ದಿನ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಕರಕೊಂಡು ಹೋಗಿ. ಕಲಾವಿದರನ್ನು ಮೊದಲೇ ಕೇಳಿಕೊಳ್ಳಿ, ನಮಗೆ ಯಾರೂ ಇಲ್ಲ ಎನ್ನಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ತೆಂಕುತಿಟ್ಟಿನಲ್ಲಿ, ಅಂದರೆ ತೆಂಕಣ ಶೈಲಿಯ ಯಕ್ಷಗಾನದಲ್ಲಿ, ಮುಟ್ಟುವವರಿಗೆ ಸಿಗುವ ಬಣ್ಣ ಬೇರೆಲ್ಲೂ ಇರಲಾರದು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚಿಟ್ಟಿ ಇಡುತ್ತಾರೆ. ಗಂಟೆಗಟ್ಟಲೆ ಕೂತು ಒಂದೊಂದೇ ಚುಕ್ಕಿ ಇಟ್ಟ ಆ ಬಿಳಿ ಸಾಲು ಮುಳ್ಳಿನಂತೆ ಎದ್ದು ನಿಂತಿರುತ್ತದೆ. ತಮ್ಮ ಅದನ್ನು ಮುಟ್ಟಿದ್ದು ವೇಷ ಕಳಚುವ ಹೊತ್ತಿನಲ್ಲಿ, ಬೆಳಗಿನ ಜಾವ, ವೇಷಧಾರಿಯೇ ಅವನ ಬೆರಳು ಹಿಡಿದು ತನ್ನ ಕೆನ್ನೆಯ ಮೇಲೆ ನಡೆಸಿದರು. "ಬ್ರೈಲ್!" ಎಂದು ಬೊಬ್ಬೆ ಹಾಕಿದ. ಚಿಟ್ಟಿಯ ನಡುವೆ ನಯವಾದ ಜಾಗ ಕೆಂಪು, ಕಪ್ಪು ಎಂದು ಅವರು ಹೇಳುತ್ತಾ ಹೋದರು. ಬಣ್ಣಕ್ಕೆ ಬಳಸುವ ಇಂಗಳೀಕ (ಕೆಂಪು), ಅರದಾಳದ (ಹಳದಿ) ಪುಡಿಗಳನ್ನು ಮುಟ್ಟಿಸಬೇಡಿ, ಅವು ವಿಷದ ಖನಿಜಗಳು.

ಬಣ್ಣದ ವೇಷದ ತಡ್ಪೆ ಕಿರೀಟದ ಅಗಲವನ್ನು ಎರಡೂ ಕೈ ಚಾಚಿ ಅಳೆಯಲಿ. ಎಳೆಯ ವೀರರ ಪಾತ್ರವಾದ ಪುಂಡುವೇಷದ ಹಗುರ ಪಗಡಿಯನ್ನು ಆಮೇಲೆ ಕೊಡಿ. ರಾವಣ ಯಾಕೆ ಕಪ್ಪು, ಕೆಂಪಿನ ಗುಡ್ಡೆಯಂತೆ ಬರುತ್ತಾನೆ ಎಂಬುದು ಆ ಭಾರದಲ್ಲೇ ತಿಳಿಯುತ್ತದೆ.

ಪಠ್ಯಪುಸ್ತಕದ ಚಿತ್ರ, ಭೂಪಟಗಳ ಬಣ್ಣ?

ಉಬ್ಬು ಚಿತ್ರದಲ್ಲಿ ಬಣ್ಣದ ಜಾಗಕ್ಕೆ ಮೇಲ್ಮೈಯ ಬದಲಾವಣೆ ಬರುತ್ತದೆ. ಸಮುದ್ರಕ್ಕೆ ಅಲೆಗೆರೆ, ಬೆಟ್ಟಕ್ಕೆ ಒತ್ತು ಚುಕ್ಕಿ, ಬಯಲಿಗೆ ನುಣುಪು. ಶಾಖಕ್ಕೆ ಉಬ್ಬುವ ವಿಶೇಷ ಕಾಗದದ ಮೇಲೆ ಕಪ್ಪಾಗಿ ಮುದ್ರಿಸಿ ಬಿಸಿ ಮಾಡಿದರೆ ಕಪ್ಪು ಗೆರೆಗಳಷ್ಟೇ ಏಳುತ್ತವೆ. ಕಪ್ಪು ಹೆಚ್ಚು ಶಾಖ ಹೀರುವುದೇ ಕಾರಣ, ಅಂಗಳದ ಕಪ್ಪು ಬಟ್ಟೆಯ ತತ್ತ್ವವೇ. ದೆಹಲಿ ಐಐಟಿಯ ತಂಡದಿಂದ ಹುಟ್ಟಿದ ರೈಸ್ಡ್ ಲೈನ್ಸ್ ಫೌಂಡೇಶನ್ ಶಾಲಾ ಪುಸ್ತಕಗಳ ಉಬ್ಬು ಚಿತ್ರ ಮಾಡುತ್ತದೆ. ಕೊರಿಯಾದ 'ಡಾಟ್ ಪ್ಯಾಡ್'ನಲ್ಲಿ 2,400 ಸೂಜಿಮೊನೆಗಳು ಏಳುತ್ತಾ ಇಳಿಯುತ್ತಾ ಚಿತ್ರ ಮೂಡಿಸುತ್ತವೆ, ಬೆಲೆ ಮಾತ್ರ ನಮ್ಮಂಥ ಮನೆಗಳಿಗೆ ಎಟುಕದು. ಮನೆಯಲ್ಲಿ ಸ್ಯಾಂಡ್‌ಪೇಪರ್, ಗೋಣಿ, ರೇಷ್ಮೆ ತುಂಡು, ಫೆವಿಕಾಲ್ ಇದ್ದರೆ ಕೇರಳದ ಭೂಪಟ ಒಂದು ಭಾನುವಾರದ ಕೆಲಸ.

ತಮ್ಮ ಸಣ್ಣವನಿದ್ದಾಗ "ಚಿತ್ರಕ್ಕೆ ಬಣ್ಣ ಹಚ್ಚಿ" ಎಂಬ ಪುಟ ಬಂದಾಗಲೆಲ್ಲ ಅವನನ್ನು ಸುಮ್ಮನೆ ಕೂರಿಸುತ್ತಿದ್ದರು. ಟೀಚರ್ ಆದ ಮೇಲೆ ನಾನು ಮಾಡಿದ ಮೊದಲ ಕೆಲಸ ಆ ಪುಟದ ಗೆರೆಗಳ ಮೇಲೆ ನೂಲು ಅಂಟಿಸಿದ್ದು.

ಬಣ್ಣವನ್ನು ಚರ್ಮಕ್ಕೋ ಕಿವಿಗೋ ನೇರವಾಗಿ ಕಳಿಸುವ ಯಂತ್ರ ಬಂದಿದೆಯಂತೆ?

1969ರಲ್ಲಿ ಅಮೆರಿಕದ ಪಾಲ್ ಬಾಕ್-ಇ-ರೀಟಾ, ಬೆನ್ನಿಗೆ ತಾಗುವ 400 ಕಂಪನ ಬಿಂದುಗಳ ಕುರ್ಚಿ ಮಾಡಿದರು. ಕ್ಯಾಮೆರಾ ಕಂಡದ್ದನ್ನು ಕಾಣದವರು ಬೆನ್ನಿನಿಂದ ಗುರುತಿಸಿದರು. ಆದರೆ ಅದು ಕಳಿಸಿದ್ದು ಬೆಳಕು, ಕತ್ತಲೆ ಮಾತ್ರ, ಬಣ್ಣ ಅದರಲ್ಲಿ ಇರಲಿಲ್ಲ. ಇಸ್ರೇಲಿನ ಅಮೀರ್ ಅಮೇದಿ ತಂಡದ 'ಐಮ್ಯೂಸಿಕ್' ಒಂದೊಂದು ಬಣ್ಣಕ್ಕೆ ಒಂದೊಂದು ವಾದ್ಯ ನುಡಿಸುತ್ತದೆ. ಹುಟ್ಟಿನಿಂದ ಕಪ್ಪುಬಿಳುಪು ಮಾತ್ರ ಕಾಣುವ ನೀಲ್ ಹಾರ್ಬಿಸನ್ 2004ರಲ್ಲಿ ತಲೆಬುರುಡೆಗೆ ಆ್ಯಂಟೆನಾ ಕೂರಿಸಿಕೊಂಡು, ಬಣ್ಣವನ್ನು ಮೂಳೆಯ ಕಂಪನವಾಗಿ ಕೇಳುತ್ತಾರೆ. ಓದಿ ಬೆರಗಾಗುವಂಥವು. ನಾಳೆ ಬೆಳಗ್ಗೆ ಅಂಗಿ ಆರಿಸಲು ಬೇಕಾದದ್ದು ಗುಬ್ಬಿ, ದಾರ.

ಪ್ರಯೋಗಾಲಯದಲ್ಲಿ ಲಿಟ್ಮಸ್ ಬಣ್ಣ ಬದಲಾದದ್ದು ತಿಳಿಯುವುದು ಹೇಗೆ?

ಬಣ್ಣ ಹೇಳುವ ಉಪಕರಣವನ್ನು ಒಣಗಿಸಿದ ಲಿಟ್ಮಸ್ ಕಾಗದಕ್ಕೆ ಒತ್ತಿದರೆ ಹೇಳುತ್ತದೆ. ಅದಿಲ್ಲದಿದ್ದರೆ ಈರುಳ್ಳಿ ಸಾಕು. ಹೆಚ್ಚಿದ ಈರುಳ್ಳಿಯ ಜೊತೆ ಒಂದು ರಾತ್ರಿ ಇಟ್ಟ ಬಟ್ಟೆಚೂರಿಗೆ ಪ್ರತ್ಯಾಮ್ಲದ ಹನಿ ಹಾಕಿದರೆ ಈರುಳ್ಳಿಯ ವಾಸನೆ ಅಡಗುತ್ತದೆ, ಆಮ್ಲ ಹಾಕಿದರೆ ಹಾಗೇ ಉಳಿಯುತ್ತದೆ. ಕಾಣುವ ಮಕ್ಕಳೂ ಸುತ್ತ ನೆರೆದು ಮೂಸುತ್ತಾರೆ.

ಸ್ವಲ್ಪ ಕಾಣುವವರಿಗೆ ಇದೆಲ್ಲ ಬೇಕೇ?

ದೃಷ್ಟಿ ದೋಷ ಇರುವ ಎಲ್ಲರಿಗೂ ಪೂರ್ಣ ಕತ್ತಲೆ ಇರುವುದಿಲ್ಲ. ಮಂದದೃಷ್ಟಿಯವರಿಗೆ ಬಣ್ಣದ ಹೆಸರಿಗಿಂತ ಬಣ್ಣಗಳ ಅಂತರ ಮುಖ್ಯ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಅನ್ನ ಕಾಣುವುದಿಲ್ಲ, ಬಾಳೆಎಲೆಯ ಮೇಲೆ ಕಾಣುತ್ತದೆ. ಕೆಂಪು ಸಾರಣೆಯ ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಬಳಿಯಿರಿ, ಪಟ್ಟಿಗೆ ಸ್ವಲ್ಪ ಮರಳು ಬೆರೆಸಿದರೆ ಕಾಲಿಗೂ ಸಿಗುತ್ತದೆ.

ಬಣ್ಣಗುರುಡು ಬೇರೆಯದೇ ವಿಷಯ. ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ, ಕೆಲವು ಬಣ್ಣ ಬೇರ್ಪಡುವುದಿಲ್ಲ ಅಷ್ಟೇ.

ಎಂಡೋಸಲ್ಫಾನ್ ಪೀಡಿತ ಮಗು, ಕಣ್ಣಿನ ಜೊತೆ ಕೈಯ ಹಿಡಿತವೂ ಕಡಿಮೆ. ಏನು ಮಾಡಲಿ?

ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಎಣ್ಮಕಜೆ, ಬೆಳ್ಳೂರು ಕಡೆಯ ತಾಯಂದಿರು ಇದನ್ನು ಕೇಳುವಾಗ ನನಗೆ ಗಂಟಲು ಕಟ್ಟುತ್ತದೆ. ಇಂಥ ಮಕ್ಕಳಿಗೆ ಸಣ್ಣ ಗುರುತು ಬೇಡ, ಚುಕ್ಕಿ ಬೇಡ. ಅಂಗೈ ತುಂಬುವ ವಸ್ತು ಕೊಡಿ. ಕೆಂಪಿಗೆ ಒಂದು ಉಲ್ಲನ್ ಚೆಂಡು, ನೀಲಿಗೆ ಒಂದು ಸ್ಟೀಲ್ ಲೋಟ. ಕೆಂಪು ಅಂಗಿ ತೊಡಿಸುವ ಮೊದಲು ದಿನಾ ಅದೇ ಚೆಂಡು, ಅದೇ ಪದ. ಅಂಗೈಗೆ ಸಿಗದಿದ್ದರೆ ಕೆನ್ನೆಗೆ ತಾಗಿಸಿ. ಎರಡೇ ಬಣ್ಣ ಸಾಕು. ಮಗು ಒಂದರ ಕಡೆ ಮುಖ ತಿರುಗಿಸಿತು ಎಂದರೆ ಆರಿಸಿತು ಎಂದೇ ಅರ್ಥ.

ಸರ್ಕಾರದ ಸಹಾಯ ಸಿಗುತ್ತದೆಯೇ?

ಮೊದಲು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ. 40 ಶೇಕಡಾ ಅಥವಾ ಹೆಚ್ಚಿನ ಅಂಗವೈಕಲ್ಯ ದಾಖಲಾಗಿದ್ದರೆ ಕೇಂದ್ರದ 'ಅಡಿಪ್' ಯೋಜನೆಯಲ್ಲಿ ಉಪಕರಣಗಳಿಗೆ ಸಹಾಯ ಇದೆ, ಆದಾಯದ ಮಿತಿ ಅನ್ವಯಿಸುತ್ತದೆ. ಶಾಲೆಗೆ ಹೋಗುವ ಮಗುವಾದರೆ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರನ್ನು ಕಾಣಿರಿ. ಕಾಸರಗೋಡಿನ ವಿದ್ಯಾನಗರದಲ್ಲಿ ಸರ್ಕಾರಿ ಅಂಧರ ಶಾಲೆ ಇದೆ. ಮಾತು ಮಲಯಾಳದಲ್ಲಿ ಶುರುವಾದರೆ ಹಿಂಜರಿಯಬೇಡಿ, ಕನ್ನಡದಲ್ಲೇ ಕೇಳಿ.

ಮಗಳಿಗೆ ಮೂರು ವರ್ಷ. ಎಲ್ಲಿಂದ ಶುರು ಮಾಡಲಿ?

ಒಂದು ಬೂಟಿನ ಡಬ್ಬ ತೆಗೆದುಕೊಳ್ಳಿ. ಕೆಂಪಿಗೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಚೂರು ಹಾಕಿ, ಬೇಕಲ ಕೋಟೆಯ ಗೋಡೆಯೂ ಅದೇ ಕಲ್ಲು, ಮುಂದೆ ಕರಕೊಂಡು ಹೋದಾಗ ಅವಳೇ ಗುರುತು ಹಿಡಿಯುತ್ತಾಳೆ. ಹಳದಿಗೆ ಒಣ ಅರಸಿನದ ಕೊಂಬು, ಬಿಳಿಗೆ ಹತ್ತಿ, ಕಪ್ಪಿಗೆ ಇದ್ದಿಲು. ಹಸಿರಿಗೆ ಎಲೆ, ಅದನ್ನು ದಿನಾ ಹೊಸದಾಗಿ ಅವಳೇ ಕೊಯ್ದು ಹಾಕಲಿ. ನಿನ್ನೆಯ ಎಲೆ ಬಾಡಿ ಗರಿಗರಿಯಾದದ್ದನ್ನು ಕೈಯಲ್ಲೇ ಹಿಡಿಸಿ, ಬಣ್ಣವೂ ಈಗ ಹಸಿರಲ್ಲ, ಕಂದಾಯಿತು ಎಂದು ಹೇಳಿ. ಬಣ್ಣ ಬದಲಾಗುತ್ತದೆ ಎಂಬುದು ಅವಳಿಗೆ ಅಲ್ಲಿ ಸಿಗುತ್ತದೆ. ಒಂದು ವಾರ ಕಳೆದ ಮೇಲೆ ಅವಳ ಎರಡು ಅಂಗಿಗಳಿಗೆ ಗುರುತು ಹೊಲಿದು, ಇವತ್ತು ಯಾವುದು ಹಾಕುತ್ತೀ ಎಂದು ಕೇಳಿ. ಅವಳು ಹೊಲಿಗೆಯನ್ನು ಹುಡುಕಿ ಸವರುವಷ್ಟು ಹೊತ್ತು ನೀವು ಬಾಯಿ ತೆರೆಯಬೇಡಿ.